ಗಿಟಾರಿನವಳ ಡಬ್ಬ

ಮೇಘಶ್ರೀಗೆ ಆ ಶನಿವಾರ ಯಾರ ಮಾತನ್ನೂ ಕೇಳುವ ಮನಸ್ಸಿರಲಿಲ್ಲ. ಮೂರು ವರ್ಷದಿಂದ ಕೇಳಿ ಕೇಳಿ ಸಾಕಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ. ವೇದಿಕೆಯ ಮೇಲೆ ನಿಂತಾಗ ತನ್ನ ಗಿಟಾರ್ ತನ್ನ ಕಿವಿಗೆ ಬೀಳಬೇಕು.

ಇದೇನು ಮಹಾ ಆಸೆ ಎಂದು ಕೇಳುವವರು ಆರ್ಕೆಸ್ಟ್ರಾದವರ ಪಾಡು ನೋಡಿರುವುದಿಲ್ಲ. ಮದುವೆಯ ರಿಸೆಪ್ಷನ್ನಾಗಲಿ, ಗಣೇಶನ ಪೆಂಡಾಲಾಗಲಿ, ಪದ್ಧತಿ ಒಂದೇ. ಆಳೆತ್ತರದ ಸ್ಪೀಕರುಗಳು ಜನರ ಕಡೆ ಮುಖ ಮಾಡಿ ಊರಿಗೆಲ್ಲ ಕೇಳುವಂತೆ ಕಿರುಚುತ್ತವೆ. ವೇದಿಕೆಯ ಮೇಲಿದ್ದವರಿಗೆ ಅವುಗಳ ಬೆನ್ನೇ ಗತಿ. ಅವರು ತಮ್ಮನ್ನು ತಾವು ಕೇಳಿಸಿಕೊಳ್ಳಬೇಕೆಂದರೆ ಕಾಲ ಬಳಿ ಓರೆಯಾಗಿ ಮಲಗಿಸಿಟ್ಟ ಬೇರೆಯದೇ ಸ್ಪೀಕರ್ ಬೇಕು. ಅದಕ್ಕೆ ಮಾನಿಟರ್ ಎನ್ನುತ್ತಾರೆ. ಸೌಂಡಿನವರು ಇಂಥವನ್ನು ಎರಡು ತರುತ್ತಾರೆ, ಎರಡೂ ಹಾಡುವವರ ಮುಂದೆ ಹೋಗಿ ಕೂರುತ್ತವೆ. ಡ್ರಮ್ಮಿನವನಿಗೆ ಬೇಡ, ಅವನೇ ಒಂದು ಗಲಾಟೆ. ಕೀಬೋರ್ಡಿನವನು ಹೆಡ್‌ಫೋನ್ ಸಿಕ್ಕಿಸಿಕೊಂಡು ಬಚಾವಾಗುತ್ತಾನೆ. ಇನ್ನು ಗಿಟಾರಿನವಳು, ಅವಳು ನಗುತ್ತಾ ನಿಂತರೆ ಸಾಕು.

ಹಾಗೆ ನಗುತ್ತಾ ನಿಂತೇ ಮೇಘಶ್ರೀ ಸೋಮನಾಥ್ ತಂಡದಲ್ಲಿ ಮೂರು ವರ್ಷ ಕಳೆದಿದ್ದಳು. ಸೋಮನಾಥ್ ತಂಡದ ಒಡೆಯರು, ಹಾಡುವವರೂ ಅವರೇ. ಐವತ್ತು ದಾಟಿದ್ದರೂ ಕೂದಲಿಗೆ ಬಣ್ಣ ಹಚ್ಚಿ, ಮಿಣಮಿಣ ಕೋಟು ಹಾಕಿ ವೇದಿಕೆ ಹತ್ತಿದರೆ ಹೆಂಗಸರು ಶಿಳ್ಳೆ ಹೊಡೆಯುತ್ತಾರೆ ಎಂಬುದು ಅವರ ನಂಬಿಕೆ. ತಂಡದ ಫ್ಲೆಕ್ಸಿನಲ್ಲಿ ಮಾತ್ರ ಅವರಿಗಿಂತ ದೊಡ್ಡದಾಗಿ ಇರುವುದು ಗಿಟಾರ್ ಹಿಡಿದ ಮೇಘಶ್ರೀಯ ಚಿತ್ರ. ಅದನ್ನು ನೋಡಿ ಮೊದಮೊದಲು ಅವಳು ಹಿಗ್ಗಿದ್ದೂ ಉಂಟು. ಆ ಹಿಗ್ಗಿನ ಬಗ್ಗೆ ಈಗ ಅವಳಿಗೆ ನಾಚಿಕೆ.

ಅವಳನ್ನು ಕೊರೆಯುತ್ತಿದ್ದ ಹುಳು ಬೇರೆಯದು. ವೇದಿಕೆಯ ಮೇಲೆ ನುಡಿಸುವಾಗಲೆಲ್ಲ ಅವಳ ಬೆರಳು ಒಂದು ಕಡೆ, ಶಬ್ದ ಒಂದು ಕಡೆ. ದೊಡ್ಡ ಸ್ಪೀಕರುಗಳಿಂದ ಹಿಂದಕ್ಕೆ ತಿರುಗಿ ಬರುವ ಗಿಟಾರಿನ ಸದ್ದು ಅವಳು ತಂತಿ ಮೀಟಿದ ಗಳಿಗೆಗೆ ಕೂಡುತ್ತಲೇ ಇರಲಿಲ್ಲ. ಒಮ್ಮೆ ಕೂದಲೆಳೆಯಷ್ಟು ಮುಂಚೆ, ಒಮ್ಮೆ ಕೂದಲೆಳೆಯಷ್ಟು ಆಮೇಲೆ. ಮೊದಲ ವರ್ಷವೇ ಅವಳು ಹೋಗಿ ಸೋಮನಾಥರಿಗೆ ಹೇಳಿದ್ದಳು.

"ನಿನ್ನ ಟೈಮಿಂಗ್ ಸರಿ ಇಲ್ಲಮ್ಮ" ಎಂದಿದ್ದರು ಅವರು, ಬಹಳ ಪ್ರೀತಿಯಿಂದ. "ಮನೇಲಿ ಕೂತು ಪ್ರಾಕ್ಟೀಸ್ ಮಾಡು. ಬರುತ್ತೆ."

ಅವಳು ಮಾಡಿದಳು. ಬನಶಂಕರಿ ಎರಡನೇ ಹಂತದ ಮನೆಯ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಬೆಳಗ್ಗೆ ಐದೂವರೆಗೆ ಎದ್ದು, ಟಿಕ್ ಟಿಕ್ ಎಂದು ತಾಳ ಎಣಿಸುವ ಮೆಟ್ರೋನೋಮನ್ನು ಎದುರಿಗಿಟ್ಟುಕೊಂಡು ದಿನಕ್ಕೆ ಎರಡು ಗಂಟೆ. ಮೂರು ವರ್ಷ. ಮನೆಯಲ್ಲಿ ಎಲ್ಲ ಸರಿ. ವೇದಿಕೆ ಹತ್ತಿದರೆ ಮತ್ತೆ ಅದೇ ಗೋಳು. ಜೆಪಿ ನಗರದ ಮ್ಯೂಸಿಕ್ ಕ್ಲಾಸಿನಲ್ಲಿ ಮಕ್ಕಳಿಗೆ "ತಾಳ ಬಿಡಬೇಡಿ" ಎಂದು ಹೇಳುವಾಗ ಅವಳ ದನಿ ತಾನಾಗಿ ಇಳಿಯುತ್ತಿತ್ತು. ತನಗೇ ಬಾರದ್ದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದೇನೆ ಎಂಬ ಅಳುಕು.

ಹೋದ ವಾರ ತ್ಯಾಗರಾಜನಗರದ ಮದುವೆಯೊಂದು ಮುಗಿದ ಮೇಲೆ ಸೋಮನಾಥ್ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದ್ದರು: "ಅಂಜನಾಪುರದ ರಾಜ್ಯೋತ್ಸವ ಒಂದು ಮುಗೀಲಿ ಮೇಘಾ. ಆಮೇಲೆ ನೋಡೋಣ. ಇನ್ನೊಬ್ಳು ಹುಡ್ಗಿ ಕೇಳ್ತಿದ್ದಾಳೆ."

ಮೇಘಶ್ರೀ ಅವತ್ತೇ ತೀರ್ಮಾನಿಸಿದಳು. ಅಂಜನಾಪುರದಲ್ಲಿ ತನ್ನದೇ ಮಾನಿಟರ್ ಇಟ್ಟು ನುಡಿಸಬೇಕು. ಸ್ವಂತ ಕರೆಂಟಿನ ಪ್ಲಗ್ಗು, ಸ್ವಂತ ಗುಂಡಿ, ಸೌಂಡಿನವನ ಹಂಗಿಲ್ಲದ್ದು. ಆಗಲೂ ಬೆರಳು ಮತ್ತು ಶಬ್ದ ಕೂಡದಿದ್ದರೆ ತನ್ನ ಕೈಯಲ್ಲೇ ದೋಷವಿದೆ ಎಂದು ಒಪ್ಪಿಕೊಂಡು ವೇದಿಕೆಗೆ ಕೈಮುಗಿಯುವುದು. ಕೂಡಿದರೆ ಆಮೇಲೆ ಮಾತಾಡುವವರು ಮಾತಾಡಲಿ.

ಹೀಗೆ ಶನಿವಾರ ಮಾನಿಟರ್ ಕೊಳ್ಳಲು ಹೊರಟವಳ ಜೊತೆ ಶಿವಕಿರಣ್ ಬಂದಿದ್ದ. ಅವನು ತಂಡದ ಕೀಬೋರ್ಡಿನವನು, ಅವಳಿಗಿಂತ ಎರಡು ವರ್ಷ ದೊಡ್ಡವನು. ಒಳ್ಳೆಯ ಹುಡುಗ, ಆದರೆ ಯಾರಿಗೂ ಇಲ್ಲ ಎನ್ನಲಾಗದ ಜಾತಿಯ ಒಳ್ಳೆಯವನು. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯ ಸ್ಪೀಕರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಅವನು ಮೂರನೇ ಸಲ ಕೇಳಿದ. "ಇದೆಲ್ಲಾ ಬೇಕಾ ಮೇಘಾ? ಸುಮ್ನೆ ದುಡ್ಡು ದಂಡ. ಒಂದು ಇಯರ್‌ಫೋನ್ ಹಾಕ್ಕೊಂಡ್ಬಿಡು."

"ಇಯರ್‌ಫೋನಿಗೆ ಲೈನ್ ಕೊಡೋನು ಯಾರು? ಮನುನೇ ತಾನೆ? ಮೂರು ವರ್ಷದಿಂದ 'ಆಯ್ತಕ್ಕ, ಕೊಡ್ತೀನಕ್ಕ' ಅಂತಿದ್ದಾನೆ" ಎಂದಳು. ಮನು ಸೌಂಡಿನವನು.

ಅಂಗಡಿಯ ಮಾಲೀಕರು ರಾಮಪ್ರಸಾದ್. ಅರ್ಧ ತೋಳಿನ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಅರವತ್ತೈದರ ಆಸುಪಾಸಿನ ಮನುಷ್ಯ. ಗಿಟಾರಿನ ಚೀಲ ನೇತಾಡುತ್ತಿದ್ದದ್ದು ಮೇಘಶ್ರೀಯ ಬೆನ್ನಿನಲ್ಲಿ, ಆದರೂ ಅವರು ಶಿವಕಿರಣನ ಮುಖ ನೋಡಿ, "ಹೇಳಿ ಸಾರ್, ಯಾವ ರೇಂಜಲ್ಲಿ ನೋಡ್ತಿದೀರಾ?" ಎಂದರು.

"ನೋಡ್ತಿರೋದು ನಾನು ಅಂಕಲ್."

"ಓ, ಹೌದಾ? ಹೇಳಮ್ಮ. ಮಕ್ಕಳಿಗೆ ಕಲಿಸೋಕಾ?"

"ಸ್ಟೇಜಿಗೆ."

ರಾಮಪ್ರಸಾದ್ ಅವಳನ್ನು ಒಮ್ಮೆ ಅಳೆದು ನೋಡಿ, ಹದಿನೈದು ಇಂಚಿನ ಒಂದು ದೈತ್ಯ ಸ್ಪೀಕರಿನ ಮುಂದೆ ಕರೆದುಕೊಂಡು ಹೋದರು. ತಮ್ಮ ಫೋನಿನಿಂದ ಒಂದು ಕುಣಿತದ ಹಾಡು ಹಾಕಿದರು. ಅಂಗಡಿಯ ಗಾಜೆಲ್ಲ ಗಡಗಡ ಅಂದಿತು. "ಹೆಂಗೆ? ಸಾವಿರದ ಐನೂರು ವಾಟ್ ಕಣಮ್ಮ" ಎಂದು ಮಗನನ್ನು ಪರಿಚಯಿಸುವಂತೆ ಎದೆಯುಬ್ಬಿಸಿದರು.

ಆರ್ಕೆಸ್ಟ್ರಾದವರು ಬಹಳಷ್ಟು ಮಂದಿ ಹಳ್ಳಕ್ಕೆ ಬೀಳುವುದು ಇಲ್ಲಿಯೇ. ಸದ್ದಿಲ್ಲದ ಅಂಗಡಿಯಲ್ಲಿ, ಯಾರೋ ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಹಾಡನ್ನು ಕೇಳಿ, ಎದೆ ನಡುಗಿತೆಂದು ಖುಷಿಯಾಗಿ, ಡಬ್ಬ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಮೊದಲ ಕಾರ್ಯಕ್ರಮದಲ್ಲೇ ಅದು ಕೈ ಕೊಡುತ್ತದೆ. ಆಗ ಅಂಗಡಿಯವನನ್ನು ಬೈಯುತ್ತಾರೆ. ಮೇಘಶ್ರೀ ಇಂಥ ನಾಲ್ಕು ಜನರನ್ನು ಕಣ್ಣಾರೆ ಕಂಡಿದ್ದಳು.

"ವಾಟ್ ಎಲ್ಲಾ ಸ್ಟಿಕ್ಕರಿಗೆ ಇರ್ಲಿ ಅಂಕಲ್. ಗೋಡೆ ಹತ್ರ ಇರೋ ಆ ಎರಡು ದೊಡ್ಡ ಸ್ಪೀಕರನ್ನ ಬಾಗಿಲ ಕಡೆ ತಿರುಗಿಸಿ. ಡ್ರಮ್ ಜೋರಾಗಿರೋ ಹಾಡು ಹಾಕಿ. ಪೂರ್ತಿ ಸೌಂಡ್. ನಾನು ಅವುಗಳ ಹಿಂದೆ ನಿಂತ್ಕೊಂಡು ಗಿಟಾರ್ ಪ್ಲೇ ಮಾಡಿ ನೋಡ್ತೀನಿ."

"ಪಕ್ಕದಲ್ಲಿ ಕಣ್ಣಿನ ಡಾಕ್ಟ್ರು ಇದಾರಮ್ಮ!"

"ಕಣ್ಣಿನ ಡಾಕ್ಟ್ರೇ ಅಲ್ವಾ ಅಂಕಲ್? ಕಿವೀದು ಅಲ್ವಲ್ಲ."

ಶಿವಕಿರಣ್ ತಲೆ ಚಚ್ಚಿಕೊಂಡ. ರಾಮಪ್ರಸಾದರ ಹುಬ್ಬು ಗಂಟಿಕ್ಕಿತು, ಬಿಟ್ಟಿತು. ಆಗಲ್ಲ ಎಂದು ಹೇಳಲು ಅವರು ಬಾಯಿ ತೆರೆದದ್ದು ನಿಜ. "ಅಂಕಲ್, ಸ್ಟೇಜ್ ಮೇಲೆ ನನ್ನ ಸುತ್ತ ಇದೇ ಗಲಾಟೆ ಇರುತ್ತೆ. ಆ ಗಲಾಟೇಲಿ ನಂದು ನಂಗೆ ಕೇಳ್ಬೇಕು. ಇಲ್ಲಿ ಕೇಳಲಿಲ್ಲ ಅಂದ್ರೆ ಅಲ್ಲೂ ಕೇಳಲ್ಲ. ಹತ್ತು ನಿಮಿಷ ಕೊಡಿ. ಆಗಲ್ಲ ಅಂದ್ರೆ ಬೇರೆ ಅಂಗಡಿಗೆ ಹೋಗ್ತೀನಿ" ಎಂದು ಅವಳು ಅಲ್ಲೇ ನೆಲದ ಮೇಲೆ ಗಿಟಾರಿನ ಚೀಲ ಬಿಚ್ಚತೊಡಗಿದಳು. ಅವರು ಗೊಣಗುತ್ತಾ ಸ್ಪೀಕರ್ ತಿರುಗಿಸಿದರು.

ಹತ್ತು ನಿಮಿಷ ಅಂದದ್ದು ಮುಕ್ಕಾಲು ಗಂಟೆಯಾಯಿತು. ಬಾಗಿಲ ಬಳಿ ಜನ ಸೇರಿದರು. ತರಕಾರಿ ಚೀಲ ಹಿಡಿದ ಇಬ್ಬರು ಆಂಟಿಯರು ನಿಂತು ನೋಡಿದರು. ಹದಿನೈದು ಇಂಚಿನ ದೈತ್ಯ ಆ ಗದ್ದಲದಲ್ಲಿ ಬರೀ ಗೂಂ ಅಂದಿತು. ಡ್ರಮ್ಮು ಯಾವುದು, ಗಿಟಾರು ಯಾವುದು ಎಂದು ಅದಕ್ಕೇ ಗೊತ್ತಿರಲಿಲ್ಲ. ಎಂಟು ಇಂಚಿನ ಪುಟಾಣಿ ಮೊದಲು ಮುದ್ದಾಗಿ ಹಾಡಿ, ಸೌಂಡ್ ಏರಿಸಿದ ಕೂಡಲೇ ಕುಂಯ್ ಎಂದು ಚೀರಿ ಎಲ್ಲರೂ ಕಿವಿ ಮುಚ್ಚುವಂತೆ ಮಾಡಿತು. ಇನ್ನೊಂದಕ್ಕೆ ಓರೆ ಮೈಯೇ ಇಲ್ಲ, ನೆಲದ ಮೇಲಿಟ್ಟರೆ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ. ರಾಮಪ್ರಸಾದರಿಗೂ ಈಗ ಹುಮ್ಮಸ್ಸು ಬಂದಿತ್ತು. ಗೊಣಗಾಟ ಬಿಟ್ಟು ತಾವೇ ಅಟ್ಟದಿಂದ ಹನ್ನೆರಡು ಇಂಚಿನ ಒಂದನ್ನು ಇಳಿಸಿ, ಧೂಳು ಒರೆಸಿ, ಓರೆಯಾಗಿ ಮಲಗಿಸಿದರು.

ಮೇಘಶ್ರೀ ತಂತಿ ಮೀಟಿದಳು. ಅಷ್ಟು ಗದ್ದಲದ ನಡುವೆಯೂ ಉಗುರು ತಂತಿಗೆ ತಾಗಿದ ಟಿಕ್ ಎಂಬ ಸದ್ದು ನೇರವಾಗಿ ಅವಳ ಮುಖಕ್ಕೆ ಬಂತು. ಅವಳು ಇನ್ನೊಮ್ಮೆ ಮೀಟಿದಳು. ಬೆರಳು ತಾಗಿದಾಗಲೇ ಸದ್ದು. ಜೋರಾಗಿ ಕೂಗಿಬಿಡಬೇಕು ಅನ್ನಿಸಿದರೂ ನಾಳೆ ವೇದಿಕೆಯ ಮೇಲೆ ನೋಡದೆ ಕುಣಿಯಬಾರದೆಂದು ತುಟಿ ಕಚ್ಚಿಕೊಂಡಳು.

"ಟೀವಿ ತಗೊಳ್ಳೋಕೆ ಬಂದೋರೂ ಇಷ್ಟು ಸತಾಯಿಸಲ್ಲಮ್ಮ" ಎಂದರು ರಾಮಪ್ರಸಾದ್ ಹಾಡು ನಿಲ್ಲಿಸಿ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಆದ್ರೆ ನೀ ಮಾಡಿದ್ದೇ ಸರಿ. ಇಲ್ಲಿ ನೋಡು, ಬೆನ್ನಲ್ಲಿ ಎರಡು ಕಿಂಡಿ. ಇದರಲ್ಲಿ ಗಿಟಾರ್ ಒಳಗೆ ಹೋಗುತ್ತೆ. ಇದರಿಂದ ಇನ್ನೊಂದು ಕೇಬಲ್ ತೆಗೆದು, ಸೌಂಡಿನವನು ಎಲ್ಲರ ಸದ್ದೂ ಬೆರೆಸ್ತಾನಲ್ಲ, ಆ ಮಿಕ್ಸರಿಗೆ ಕೊಡು. ಅಲ್ಲಿಂದ ದೊಡ್ಡ ಸ್ಪೀಕರಿಗೆ. ನಿನ್ನ ಕಿವಿಗೂ ಆಯ್ತು, ಜನಕ್ಕೂ ಆಯ್ತು."

ಜನಕ್ಕೂ ಎಂಬ ಮಾತು ಬಂದಾಗ ಶಿವಕಿರಣ್ ಬಾರದ ಫೋನನ್ನು ಕಿವಿಗೆ ಹಿಡಿದು ಹೊರಗೆ ಹೋದ. ಮೇಘಶ್ರೀ ಗಮನಿಸಿದಳು, ಆದರೆ ಅವನ ಸಂಕೋಚ ಅವಳಿಗೆ ಹೊಸದಲ್ಲ. ಅವಳು ಡಬ್ಬವನ್ನು ತಾನೇ ಎತ್ತಿಕೊಂಡು ಅಟ್ಟದ ಮೆಟ್ಟಿಲು ಹತ್ತಿ ಇಳಿದು ನೋಡಿದಳು. ಭಾರವಿತ್ತು, ಆದರೆ ಅವಳ ಕೈ ಮೀರಿದ ಭಾರವಲ್ಲ. ಒಳಗೆ ಬಂದ ಶಿವಕಿರಣ್ ಕೈ ಚಾಚಿದಾಗ, "ನಾಳೆ ನೀನು ಎತ್ತಿ ಕೊಡ್ತೀಯ. ನಾಡಿದ್ದು ಯಾರು ಎತ್ತಿ ಕೊಡ್ತಾರೆ? ಬಿಡು" ಎಂದಳು. ಕ್ಲಾಸಿನ ದುಡಿಮೆಯಲ್ಲಿ ಕೂಡಿಟ್ಟದ್ದನ್ನು ಕೊಟ್ಟು, ಡಬ್ಬವನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಕಾಲುಗಳನ್ನು ಆಚೀಚೆ ಚಾಚಿಕೊಂಡು ಬನಶಂಕರಿಯವರೆಗೆ ಓಡಿಸಿದಳು. ಸಿಗ್ನಲ್ಲಿನಲ್ಲಿ ನೋಡಿ ನಕ್ಕವರನ್ನು ಅವಳೂ ನೋಡಿ ನಕ್ಕಳು.

ಭಾನುವಾರ ಮಧ್ಯಾಹ್ನ ಅಂಜನಾಪುರದ ಬಡಾವಣೆಯ ಮೈದಾನದಲ್ಲಿ ಹಳದಿ ಕೆಂಪು ಬಂಟಿಂಗ್ಸು, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ನಿವಾಸಿಗಳ ಸಂಘದವರು ಶಾಲು ಹೊದ್ದು ಓಡಾಡುತ್ತಿದ್ದರು. ವೇದಿಕೆಯ ಪಕ್ಕದ ಫ್ಲೆಕ್ಸಿನಲ್ಲಿ ಮೇಘಶ್ರೀ ಹತ್ತಡಿ ಎತ್ತರಕ್ಕೆ ನಿಂತು ನಗುತ್ತಿದ್ದಳು. ಅದರ ಕೆಳಗೆ ಐದಡಿ ಮೂರಂಗುಲದ ಮೇಘಶ್ರೀ ಡಬ್ಬ ಹೊತ್ತು ಬೆವರುತ್ತಾ ಮೆಟ್ಟಿಲು ಹತ್ತಿದಳು.

"ಏನಮ್ಮಾ ಇದು ಡಬ್ಬ?" ಎಂದರು ಸೋಮನಾಥ್. "ಸ್ಟೇಜ್ ಲುಕ್ಕೆಲ್ಲಾ ಹಾಳಾಗುತ್ತೆ. ಕೆಳಗಿಡು."

"ಇದು ಇಲ್ಲೇ ಇರುತ್ತೆ ಸಾರ್. ಇದನ್ನ ಇಳ್ಸಿದ್ರೆ ಇದರ ಜೊತೆ ನಾನೂ ಇಳೀತೀನಿ."

ಮೂರು ವರ್ಷದಲ್ಲಿ ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಸೋಮನಾಥ್ ಹತ್ತಡಿಯ ಫ್ಲೆಕ್ಸ್ ನೋಡಿದರು, ಅವಳನ್ನು ನೋಡಿದರು. "ಸರಿ ಸರಿ, ಸೌಂಡ್ ಕಮ್ಮಿ ಇಟ್ಕೋ" ಎಂದು ಕೋಟಿನ ತೋಳು ಸರಿಪಡಿಸಿಕೊಂಡು ಮೈದಾನಕ್ಕೆ ಇಳಿದರು. ಸೌಂಡ್ ಚೆಕ್ ಮಾಡುವಾಗ ಅವರು ಹಾಡುವುದಿಲ್ಲ, ಕುರ್ಚಿಗಳ ನಡುವೆ ನಿಂತು ಅಪ್ಪಣೆ ಕೊಡಿಸುತ್ತಾರೆ.

ಮೇಘಶ್ರೀ ಗಿಟಾರನ್ನು ಮಾನಿಟರಿಗೆ ಸಿಕ್ಕಿಸಿ, ಗುಂಡಿ ತಿರುಗಿಸಿದಳು. ಡ್ರಮ್ಮಿನವನು ನಾಲ್ಕು ಎಣಿಸಿದ. ಎಲ್ಲರೂ ಶುರು ಮಾಡಿದರು.

ಕೂಡಿತು. ಬೆರಳು ತಾಗಿದ ಗಳಿಗೆ ಮತ್ತು ಸದ್ದು ಹುಟ್ಟಿದ ಗಳಿಗೆ ಎರಡೂ ಒಂದೇ ಆಗಿತ್ತು. ಡ್ರಮ್ಮಿನ ಪ್ರತಿ ಪೆಟ್ಟಿಗೂ ಅವಳ ತಂತಿ ಸರಿಯಾಗಿ ಕೂರುತ್ತಿತ್ತು. ಅವಳ ಕಣ್ಣು ಒದ್ದೆಯಾಯಿತು. ಕೈ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗೇ ಇತ್ತು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಗಿಟಾರ್ ಕೇಳಿಸಿತು.

ಅದೇ ರಾಗ, ಅದೇ ಬಿರುಸು. ದೊಡ್ಡ ಸ್ಪೀಕರುಗಳ ಕಡೆಯಿಂದ ಬರುತ್ತಿತ್ತು. ಎದುರಿನ ಅಪಾರ್ಟ್‌ಮೆಂಟಿನ ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಇರಬೇಕೆಂದುಕೊಂಡಳು. ಆದರೆ ಪ್ರತಿಧ್ವನಿ ಆಮೇಲೆ ಬರಬೇಕು. ಇದು ಒಂದೆರಡು ಕಡೆ ಅವಳಿಗಿಂತ ಮುಂಚೆ ಬಂತು. ಮೈದಾನದಿಂದ ಸೋಮನಾಥ್ ಹೆಬ್ಬೆರಳು ಎತ್ತಿ ಕೂಗಿದರು: "ಗಿಟಾರ್ ಸಖತ್ತಾಗಿದೆ ಮನು! ಹಂಗೇ ಇಡು!"

ಮೇಘಶ್ರೀ ಕೆಳಗೆ ನೋಡಿದಳು. ಮಿಕ್ಸರಿಗೆ ಹೋಗಬೇಕಾದ ಕೇಬಲ್ಲಿನ ತುದಿ ಅವಳ ಕಾಲ ಬಳಿ ಸುಮ್ಮನೆ ಬಿದ್ದಿತ್ತು. ಉತ್ಸಾಹದಲ್ಲಿ ಅದನ್ನು ಸಿಕ್ಕಿಸುವುದನ್ನೇ ಅವಳು ಮರೆತಿದ್ದಳು. ಅವಳ ಗಿಟಾರಿನ ಒಂದು ಎಳೆ ಸದ್ದೂ ಆ ದೊಡ್ಡ ಸ್ಪೀಕರುಗಳಿಗೆ ಹೋಗಿರಲು ಸಾಧ್ಯವಿರಲಿಲ್ಲ.

"ಇನ್ನೊಂದ್ ಸಲ ಸಾರ್, ಶುರುವಿಂದ" ಎಂದು ಕೂಗಿದಳು. ಮತ್ತೆ ನಾಲ್ಕು ಎಣಿಕೆ. ಈ ಸಲ ಅವಳು ಎರಡೂ ಕೈಗಳನ್ನು ತಂತಿಯಿಂದ ಮೇಲೆತ್ತಿ ನಿಂತಳು. ಮೈದಾನದ ತುಂಬ ಗಿಟಾರ್ ಮೊಳಗಿತು.

ಅವಳು ತಿರುಗಿ ನೋಡಿದಳು. ಶಿವಕಿರಣನ ಬಲಗೈ ಕೀಬೋರ್ಡಿನ ಮೇಲೆ ಓಡುತ್ತಿತ್ತು. ಅವನು ತಲೆ ಎತ್ತಿದ, ಅವಳ ಎತ್ತಿದ ಕೈಗಳನ್ನು ಕಂಡ. ಅವನ ಬೆರಳು ನಿಂತಿತು. ಗಿಟಾರೂ ನಿಂತಿತು.

"ಎಷ್ಟು ದಿನದಿಂದ?" ಅವಳು ಹತ್ತಿರ ಹೋಗಿ ಕೇಳಿದಳು.

"ನಿನ್ ಮೊದಲ್ನೇ ಪ್ರೋಗ್ರಾಮು, ಆ ಕೋಣನಕುಂಟೆ ಮದ್ವೇಲಿ ನಿನ್ ತಂತಿ ತುಂಡಾಯ್ತಲ್ಲ." ಅವನು ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಚುಕುತ್ತಿದ್ದ. "ಅವತ್ತು ಸಾರ್ ಹೇಳಿದ್ರು, ಕೀಬೋರ್ಡಲ್ಲಿ ಗಿಟಾರ್ ಟೋನ್ ಹಾಕಿ ನೀನೇ ಮ್ಯಾನೇಜ್ ಮಾಡು ಅಂತ. ಒಂದಿನಕ್ಕೆ ಅಂದ್ಕೊಂಡಿದ್ದೆ. ಹಂಗೇ ಮುಂದುವರೀತು."

"ಮಿಕ್ಸರಲ್ಲಿ ನನ್ನ ಚಾನಲ್?"

"ಮ್ಯೂಟ್." ಅವನಿಗೆ ಅವಳ ಮುಖ ನೋಡಲಾಗಲಿಲ್ಲ. "ಅವತ್ತಿಂದಾನೂ. ಸಾರಿ ಮೇಘಾ. ಹೇಳ್ಬೇಕು ಅಂತ ಎಷ್ಟೋ ಸಲ..."

ಅವಳ ಮೈಯೆಲ್ಲ ಉರಿಯಿತು. ಯಾರೂ ತನ್ನನ್ನು ಕೇಳಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಬೇರೆ. ಬೇರೆಯವನ ಬೆರಳ ಸದ್ದನ್ನು ತನ್ನದೆಂದುಕೊಂಡು, ಅದಕ್ಕೆ ತನ್ನ ಕೈ ಕೂಡುವುದಿಲ್ಲವೆಂದು ಮೂರು ವರ್ಷ ಅವಳು ತನ್ನನ್ನೇ ಬೈದುಕೊಂಡಿದ್ದಳು. ಬೆಳಗಿನ ಚಳಿಯಲ್ಲಿ ಟ್ಯಾಂಕಿನ ಪಕ್ಕ ಕೂತು ಅತ್ತಿದ್ದಳು. ಮಕ್ಕಳ ಮುಂದೆ ತಲೆ ತಗ್ಗಿಸಿದ್ದಳು.

ಸಂಗೀತ ನಿಂತದ್ದು ಯಾಕೆಂದು ನೋಡಲು ಸೋಮನಾಥ್ ಮೇಲೆ ಬಂದಿದ್ದರು. ಇಬ್ಬರ ಮುಖ ನೋಡುತ್ತಲೇ ಅವರಿಗೆ ವಿಷಯ ತಿಳಿಯಿತು. ಅವರೇನೂ ಗಾಬರಿಯಾಗಲಿಲ್ಲ.

"ಜನಕ್ಕೆ ಗಿಟಾರ್ ಕೇಳುತ್ತೆ, ಗಿಟಾರ್ ಕಾಣುತ್ತೆ. ಯಾರು ಬಾರ್ಸಿದ್ರೇನಮ್ಮ? ಎಲ್ಲಾ ಟೀಮಲ್ಲೂ ನಡೆಯೋದೇ ಇದು."

"ನನ್ನ ಟೈಮಿಂಗ್ ಸರಿ ಇಲ್ಲ ಅಂದ್ರಲ್ಲ ಸಾರ್. ನೀವು ನಂದು ಕೇಳೇ ಇರಲಿಲ್ಲ."

"ಏನಾದ್ರೂ ಒಂದು ಹೇಳ್ಬೇಕಿತ್ತಲ್ಲ" ಎಂದರು ಸೋಮನಾಥ್. ನಿಜಕ್ಕೂ ಅಷ್ಟೇ ಸಲೀಸಾಗಿ ಹೇಳಿದರು.

"ಮನು, ನನ್ನ ಚಾನಲ್ ಆನ್ ಮಾಡು" ಎಂದು ಅವಳು ಮಿಕ್ಸರಿನ ಕಡೆ ಕೂಗಿದಳು. ಮನು ಅವಳನ್ನು ನೋಡಿದ, ಸೋಮನಾಥರನ್ನು ನೋಡಿದ. "ಸಾರ್ ಹೇಳ್ಬೇಕಕ್ಕ" ಎಂದ.

"ಇವತ್ತೇನೂ ಬೇಡ. ಸಂಘದ ಪ್ರೆಸಿಡೆಂಟ್ ಮೊದಲ್ನೇ ಸಾಲಲ್ಲೇ ಕೂರ್ತಾರೆ. ಸುಮ್ನೆ ನಿಂತ್ಕೊಂಡು ಮುಗ್ಸು. ನಾಳೆ ಮಾತಾಡೋಣ." ಇಷ್ಟು ಹೇಳಿ ಸೋಮನಾಥ್ ಮೀಸೆ ತಿದ್ದಿಕೊಳ್ಳಲು ಹೋದರು.

ಮೇಘಶ್ರೀ ಗಿಟಾರನ್ನು ಚೀಲಕ್ಕೆ ತುಂಬಿದಳು. ಜಿಪ್ಪು ಅರ್ಧ ಎಳೆದಿದ್ದಳು, ಕೈ ನಿಂತಿತು. ಈಗ ತಾನು ಸ್ಕೂಟರ್ ಹತ್ತಿ ಹೋದರೂ ಐದು ಗಂಟೆಗೆ ಈ ಮೈದಾನದಲ್ಲಿ ಗಿಟಾರ್ ಮೊಳಗುತ್ತದೆ. ಒಂದು ಸ್ವರವೂ ಕಮ್ಮಿಯಾಗುವುದಿಲ್ಲ. ಗಿಟಾರಿನ ಹುಡುಗಿ ಬಂದಿಲ್ಲವಾ ಎಂದು ಯಾರೋ ಕೇಳಬಹುದು, ಹುಷಾರಿಲ್ಲ ಎಂದು ಸೋಮನಾಥ್ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಛೀ, ಅಷ್ಟು ಅಗ್ಗಕ್ಕೆ ಹೋಗುವುದೇ? ಅವಳು ಜಿಪ್ಪನ್ನು ಹಿಂದಕ್ಕೆ ಎಳೆದಳು.

ಐದಕ್ಕೆ ಕುರ್ಚಿಗಳು ತುಂಬಿದವು. ನಾಡಗೀತೆ ಆಯಿತು, ಪ್ರೆಸಿಡೆಂಟರ ಭಾಷಣ ಆಯಿತು, ಶಾಲು ಹಾರ ಆಯಿತು. ಸೋಮನಾಥ್ ಮೈಕು ಹಿಡಿದು, "ಎಲ್ಲರಿಗೂ ಇಷ್ಟವಾದ ಒಂದು ಹಳೇ ಹಾಡಿನಿಂದ ಶುರು ಮಾಡೋಣ" ಎಂದರು. ಗಿಟಾರಿನಿಂದಲೇ ಆರಂಭವಾಗುವ ಹಾಡು. ಎಂಟು ಸುತ್ತು ಗಿಟಾರ್, ಆಮೇಲೆ ಅವರ ದನಿ.

ಅವರು ಜನರಿಗೆ ಕೈ ಬೀಸುತ್ತಿದ್ದಾಗ ಮೇಘಶ್ರೀ ಬಗ್ಗಿ ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಮುಖ ಜನರ ಕಡೆಗೆ, ಬೆನ್ನು ತನ್ನ ಕಡೆಗೆ. ತನ್ನ ಕಿವಿಗೆಂದು ತಂದದ್ದನ್ನು ತಾನೇ ಅವರಿಗೆ ಒಪ್ಪಿಸಿದಳು. ಇನ್ನು ತನ್ನದು ತನಗೆ ಸರಿಯಾಗಿ ಕೇಳುವುದಿಲ್ಲ ಎಂದು ಗೊತ್ತಿದ್ದೇ ತಿರುಗಿಸಿದಳು. ಗುಂಡಿಯನ್ನು ಮುಕ್ಕಾಲಿಗೆ ಏರಿಸಿ ಶಿವಕಿರಣನ ಕಡೆ ನೋಡಿದಳು. ಬೇಡಲಿಲ್ಲ, ಬೆದರಿಸಲಿಲ್ಲ, ನೋಡಿದಳು ಅಷ್ಟೆ.

ಡ್ರಮ್ಮಿನವನು ನಾಲ್ಕು ಎಣಿಸಿದ.

ಎರಡು ಗಿಟಾರುಗಳು ಒಟ್ಟಿಗೆ ಹೊರಟವು. ಒಂದು ಮಿಕ್ಸರಿನದು, ಒಂದು ಅವಳದು, ಕೂದಲೆಳೆಯ ಅಂತರದಲ್ಲಿ ಒಂದನ್ನೊಂದು ತುಳಿದುಕೊಂಡು. ಮೊದಲ ಸಾಲಿನವರು ಮುಖ ಹಿಂಡಿದರು. ಸೋಮನಾಥ್ ಹೌಹಾರಿ ತಿರುಗಿದರು. ಮೇಘಶ್ರೀ ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎರಡನೇ ಸುತ್ತಿನ ಕೊನೆಗೆ ಶಿವಕಿರಣ್ ಕೀಬೋರ್ಡಿನಿಂದ ಕೈ ಎತ್ತಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಂತ.

ಈಗ ಒಂದೇ ಗಿಟಾರ್ ಉಳಿಯಿತು. ಅದು ಆಳೆತ್ತರದ ಸ್ಪೀಕರಿನಷ್ಟು ದೊಡ್ಡದಾಗಿರಲಿಲ್ಲ. ಸ್ವಲ್ಪ ಒರಟಾಗಿತ್ತು. ಮೂರನೇ ತಂತಿ ಒಂದು ಕಡೆ ಜುಂಯ್ ಎಂದಿತು, ಅದೂ ಮೈದಾನಕ್ಕೆಲ್ಲ ಕೇಳಿಸಿತು. ಮುಂದಿನ ಸಾಲಿನ ಒಬ್ಬಾಕೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ದೊಡ್ಡ ಸ್ಪೀಕರನ್ನು ನೋಡಿ, ಆಮೇಲೆ ವೇದಿಕೆಯ ಮೇಲಿನ ಡಬ್ಬವನ್ನು ನೋಡಿ, ಕೊನೆಗೆ ಮೇಘಶ್ರೀಯ ಬೆರಳುಗಳ ಮೇಲೆ ಕಣ್ಣು ನೆಟ್ಟಳು. ಪಕ್ಕದವಳನ್ನು ಮೊಣಕೈಯಿಂದ ತಿವಿದು ತೋರಿಸಿದಳು.

ಸೋಮನಾಥ್ ಜನರಿಗೆ ಹಲ್ಲು ಕಿರಿಯುತ್ತಲೇ ಮನುವಿಗೆ ಕತ್ತು ಕುಯ್ಯುವ ಸನ್ನೆ ಮಾಡಿದರು. ಮನು ಎರಡೂ ಕೈ ಎತ್ತಿದ. ಅವನ ಮಿಕ್ಸರಿಗೂ ಆ ಡಬ್ಬಕ್ಕೂ ಸಂಬಂಧವೇ ಇರಲಿಲ್ಲ. ಅದನ್ನು ನಿಲ್ಲಿಸುವ ಗುಂಡಿ ಅದರ ಬೆನ್ನಿನಲ್ಲಿತ್ತು, ಬೆನ್ನು ಮೇಘಶ್ರೀಯ ಕಾಲ ಬಳಿ ಇತ್ತು. ಸೋಮನಾಥ್ ಅತ್ತ ಎರಡು ಹೆಜ್ಜೆ ಹಾಕಿದರು. ಅವಳು ನುಡಿಸುತ್ತಲೇ ಬಲಗಾಲನ್ನು ಗುಂಡಿಗೆ ಅಡ್ಡವಾಗಿ ಇಟ್ಟಳು.

ಈ ಒದ್ದಾಟದಲ್ಲಿ ಎಂಟು ಸುತ್ತು ಮುಗಿದದ್ದು ಸೋಮನಾಥರ ಗಮನಕ್ಕೇ ಬರಲಿಲ್ಲ. ಅವರ ದನಿ ಬರಬೇಕಾದ ಜಾಗ ಬಂತು, ಹೋಯಿತು. ಜನ ಕಾದರು. ಡ್ರಮ್ಮಿನವನು ಗಾಬರಿಯಿಂದ ಅವಳತ್ತ ನೋಡಿದ. ಮೇಘಶ್ರೀ ಅವನಿಗೆ ತಲೆಯಾಡಿಸಿ, ಒಂದು ಪೆಟ್ಟೂ ಆಚೀಚೆ ಆಗದಂತೆ ಮತ್ತೆ ಮೊದಲ ಸುತ್ತಿಗೆ ಹೊರಳಿದಳು. ಗದ್ದಲದಲ್ಲಿ ತನ್ನದು ಅವಳಿಗೆ ಅರೆಬರೆ ಕೇಳಿಸುತ್ತಿತ್ತು. ಅವಳು ಕಿವಿ ಕೊಡುವ ಗೋಜಿಗೂ ಹೋಗಲಿಲ್ಲ, ಬೆರಳುಗಳಿಗೆ ದಾರಿ ಗೊತ್ತಿತ್ತು. ಸೋಮನಾಥ್ ಮೈಕನ್ನು ಬಾಯಿಯ ಬಳಿ ಹಿಡಿದುಕೊಂಡು, ಅವಳ ಕೈಯನ್ನೇ ನೋಡುತ್ತಾ, ಈ ಸಲ ತಪ್ಪಬಾರದೆಂದು ತುಟಿಯಲ್ಲೇ ಎಣಿಸತೊಡಗಿದರು.